ಸ್ನೇಹಲತಾ ರೆಡ್ಡಿ: ಕರ್ನಾಟಕ ಮರೆತ ಒಬ್ಬ ಕೈದಿ

ಸಿನಿಮಾದವರು ರಾಜಕೀಯಕ್ಕೆ ಬರುವುದು ಕನ್ನಡಿಗರಿಗೆ ಹೊಸ ಸಂಗತಿಯೇನಲ್ಲ. 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ಡಾ. ರಾಜಕುಮಾರ್ ಊರೂರು ತಿರುಗಿದಾಗ ಸರಕಾರವೇ ಅಲುಗಾಡಿದ್ದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಅನಂತನಾಗ್, ಅಂಬರೀಷ್ ಮಂತ್ರಿಗಳಾದರು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿಯೇ ತೇರದಾಳ ಕ್ಷೇತ್ರದ ಮತದಾರರು 2013ರಲ್ಲಿ ಉಮಾಶ್ರೀಯವರನ್ನು ವಿಧಾನಸಭೆಗೆ ಕಳಿಸಿದರು, ಅವರೂ ಮಂತ್ರಿಯಾದರು. ಪರದೆಯ ಮೇಲೆ ಸಂಪಾದಿಸಿದ ಹೆಸರು ಮತಪೆಟ್ಟಿಗೆಯಲ್ಲಿ ಕೈಹಿಡಿಯುತ್ತದೆ ಎಂಬುದು ಈ ದಾರಿಯ ಸಾಮಾನ್ಯ ಲೆಕ್ಕ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಈ ಲೆಕ್ಕಕ್ಕೆ ಸಿಗದ ಒಬ್ಬ ನಟಿ ನಮ್ಮ ನಾಡಿನಲ್ಲಿ ಇದ್ದರು. ಅವರು ಚುನಾವಣೆಗೆ ನಿಲ್ಲಲಿಲ್ಲ, ಅಧಿಕಾರದ ಹತ್ತಿರ ಸುಳಿಯಲಿಲ್ಲ, ಅಭಿಮಾನಿ ಸಂಘಗಳೂ ಅವರಿಗಿರಲಿಲ್ಲ. ರಾಜಕೀಯ ಅವರಿಗೆ ಕೊಟ್ಟದ್ದು ಬೆಂಗಳೂರಿನ ಸೆಂಟ್ರಲ್ ಜೈಲಿನ ಒಂದು ಕೋಣೆ, ಆಮೇಲೆ ಸಾವು. 'ಸಂಸ್ಕಾರ' ಚಿತ್ರದ ಚಂದ್ರಿ ಎಂದರೆ ಹಲವರಿಗೆ ನೆನಪಾಗುತ್ತದೆ. ಸ್ನೇಹಲತಾ ರೆಡ್ಡಿ ಎಂದರೆ ಅಷ್ಟು ಬೇಗ ನೆನಪಾಗುವುದಿಲ್ಲ. ಈ ಮರೆವು ಹೇಗೆ ಬಂತು ಎಂಬುದನ್ನು ಕೇಳಿಕೊಳ್ಳುವುದು ಅವರ ಬದುಕಿನಷ್ಟೇ ಮುಖ್ಯ ಎಂದು ನನಗೆ ತೋರುತ್ತದೆ.

ರಂಗದಿಂದ ಪರದೆಗೆ

ಸ್ನೇಹಲತಾ ಹುಟ್ಟಿದ್ದು 1932ರಲ್ಲಿ, ಆಂಧ್ರ ಮೂಲದ ಕ್ರೈಸ್ತ ಕುಟುಂಬದಲ್ಲಿ. ಬ್ರಿಟಿಷರ ಆಳ್ವಿಕೆಯನ್ನು ಸಹಿಸದ ಹುಡುಗಿ ಆಕೆ. ಹೆಸರೂ ಉಡುಪೂ ಈ ನೆಲದ್ದೇ ಇರಬೇಕೆಂದು ಹಟ ಹಿಡಿದವರು. ಮದುವೆಯಾದದ್ದು ನೆಲ್ಲೂರಿನ ಪಟ್ಟಾಭಿರಾಮ ರೆಡ್ಡಿಯವರನ್ನು. ಪಟ್ಟಾಭಿ 1939ರಲ್ಲಿಯೇ 'ಫಿಡೇಲು ರಾಗಾಲ ಡಜನ್' ಎಂಬ ಸಂಕಲನ ಹೊರತಂದು ತೆಲುಗು ಕಾವ್ಯದ ಮಡಿವಂತರನ್ನು ಬೆಚ್ಚಿಬೀಳಿಸಿದ ಕವಿ; ಆಮೇಲೆ ಚಿತ್ರ ನಿರ್ಮಾಪಕರಾದರು. ಮದ್ರಾಸಿನಲ್ಲಿದ್ದಾಗ ಸ್ನೇಹಲತಾ 'ಮದ್ರಾಸ್ ಪ್ಲೇಯರ್ಸ್' ಎಂಬ ಹವ್ಯಾಸಿ ನಾಟಕ ತಂಡವನ್ನು ಕಟ್ಟಿದವರಲ್ಲಿ ಒಬ್ಬರು. ಅವರ ನಾಟಕಗಳು ಹೆಚ್ಚಾಗಿ ಇಂಗ್ಲಿಷಿನವು. ನಮ್ಮ ಕಡೆಯ ಕಂಪನಿ ನಾಟಕದ ಲೋಕಕ್ಕೂ ಅದಕ್ಕೂ ಬಹಳ ದೂರ.

ಇಂಥ ನಗರದ ದಂಪತಿಗಳನ್ನು ಈ ನಾಡಿನ ರಾಜಕೀಯದ ಮಣ್ಣಿಗೆ ಎಳೆದುತಂದವರು ಡಾ. ರಾಮಮನೋಹರ ಲೋಹಿಯಾ. ಜಾತಿ ಪದ್ಧತಿ, ಗಂಡು-ಹೆಣ್ಣಿನ ನಡುವಿನ ಅಸಮಾನತೆ, ಇಂಗ್ಲಿಷಿನ ಯಜಮಾನಿಕೆ, ಈ ಮೂರನ್ನೂ ಒಟ್ಟಿಗೆ ಪ್ರಶ್ನಿಸಿದ ಲೋಹಿಯಾ ಕರ್ನಾಟಕದಲ್ಲಿ ಒಂದು ಪೀಳಿಗೆಯನ್ನೇ ತಿದ್ದಿದರು. ಶಾಂತವೇರಿ ಗೋಪಾಲಗೌಡ, ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಜೆ.ಎಚ್. ಪಟೇಲ್ ಎಲ್ಲರೂ ಆ ಗರಡಿಯವರೇ. ರೆಡ್ಡಿ ದಂಪತಿಗಳು ಲೋಹಿಯಾರ ಆಪ್ತ ಸ್ನೇಹಿತರಾದರು. 1967ರಲ್ಲಿ ಲೋಹಿಯಾ ತೀರಿಕೊಂಡ ಮೇಲೂ ಆ ಬಳಗ ಚದುರಲಿಲ್ಲ. 'ಸಂಸ್ಕಾರ' ಚಿತ್ರ ಹುಟ್ಟಿದ್ದು ಈ ಬಳಗದೊಳಗೆ.

ಅನಂತಮೂರ್ತಿಯವರ ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಪಟ್ಟಾಭಿ ಅದನ್ನು ಚಿತ್ರವಾಗಿಸಿದರು. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನ ಪಾತ್ರ ವಹಿಸಿದವರು ಗಿರೀಶ ಕಾರ್ನಾಡ್. ನಾರಣಪ್ಪನಾದವರು ಲಂಕೇಶ್. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸಂಗೀತ ನಮ್ಮ ರಾಯಚೂರಿನ ರಾಜೀವ ತಾರಾನಾಥರದು. ರಾಯಚೂರಿನಲ್ಲಿ 'ಹಮ್‌ದರ್ದ್' ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ ಅವರು. ಚಂದ್ರಿಯಾದವರು ಸ್ನೇಹಲತಾ.

ಕಥೆ ಗೊತ್ತಿದ್ದವರಿಗೂ ಒಂದು ಅಂಶ ಮತ್ತೆ ಹೇಳಬೇಕು. ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿದ ನಾರಣಪ್ಪ ಸತ್ತಿದ್ದಾನೆ. ಅವನ ಹೆಣಕ್ಕೆ ಸಂಸ್ಕಾರ ಮಾಡಬೇಕೋ ಬೇಡವೋ, ಮಾಡುವುದಾದರೆ ಯಾರು ಮಾಡಬೇಕು ಎಂದು ಅಗ್ರಹಾರ ಚರ್ಚಿಸುತ್ತಿದೆ. ಶಾಸ್ತ್ರದ ಗ್ರಂಥಗಳನ್ನು ತಿರುವಿ ಹಾಕಿದರೂ ಉತ್ತರ ಸಿಗುತ್ತಿಲ್ಲ. ಹೆಣ ಕೊಳೆಯುತ್ತಿದೆ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿಟ್ಟು ಖರ್ಚಿಗೆ ಇದನ್ನು ತೆಗೆದುಕೊಳ್ಳಿ ಎನ್ನುತ್ತಾಳೆ. ಆದರೂ ಆಗುವುದಿಲ್ಲ. ಕೊನೆಗೆ ಆಕೆ ರಾತ್ರಿ ಕೇರಿ ದಾಟಿ ಹೋಗಿ ಸಹಾಯ ಕೇಳುತ್ತಾಳೆ. ಕಾದಂಬರಿಯಲ್ಲಿ ಗಾಡಿ ಕಟ್ಟಿಕೊಂಡು ಬಂದು ಹೆಣ ಹೊತ್ತು ಸುಡುವವನು ಮೀನು ವ್ಯಾಪಾರದ ಅಹಮದ್ ಬ್ಯಾರಿ. ಶಾಸ್ತ್ರ ಬಲ್ಲವರು ತೀರ್ಮಾನಿಸಲಾಗದ್ದನ್ನು ಒಬ್ಬ ಸೂಳೆ ಎನಿಸಿಕೊಂಡ ಹೆಣ್ಣು ಮತ್ತು ಒಬ್ಬ ಮುಸಲ್ಮಾನ ಸೇರಿ ಒಂದು ರಾತ್ರಿಯಲ್ಲಿ ಮುಗಿಸುತ್ತಾರೆ. ಬೆಳಗಾದರೂ ಅಗ್ರಹಾರಕ್ಕೆ ಅದು ಗೊತ್ತಾಗುವುದಿಲ್ಲ, ಚರ್ಚೆ ನಡೆದೇ ಇರುತ್ತದೆ.

ಚಿತ್ರಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ಅನುಮತಿ ನಿರಾಕರಿಸಿತು. ಒಂದು ಸಮುದಾಯದ ಮನಸ್ಸಿಗೆ ನೋವಾಗುತ್ತದೆ ಎಂಬುದು ಕಾರಣ. ಕೇಂದ್ರ ಸರಕಾರದ ಮಟ್ಟದಲ್ಲಿ ಆ ನಿಷೇಧ ತೆರವಾಗಿ 1970ರಲ್ಲಿ ಚಿತ್ರ ಬಿಡುಗಡೆಯಾಯಿತು. ಆ ವರ್ಷದ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆಯಿತು. ಕನ್ನಡಕ್ಕೆ ಬಂದ ಮೊದಲ ಸ್ವರ್ಣಕಮಲ ಅದು. ಕನ್ನಡದ ಹೊಸ ಅಲೆಯ ಚಿತ್ರಗಳ ಲೆಕ್ಕ ಶುರುವಾಗುವುದು ಅಲ್ಲಿಂದ. ಅಂದರೆ ಸರಕಾರದ ಕತ್ತರಿಯ ರುಚಿ ಸ್ನೇಹಲತಾರಿಗೆ ಜೈಲಿಗೆ ಮೊದಲೇ ಗೊತ್ತಿತ್ತು.

ಬಾಗಿಲು ಮುಚ್ಚಿದ ನಾಲ್ಕನೆಯ ದಿನ

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮರುದಿನವೇ ಬಂಧಿತರಾಗಿ ಇಲ್ಲಿನ ಸೆಂಟ್ರಲ್ ಜೈಲು ಸೇರಿದರು. ಜುಲೈ 4ರಂದು 26 ಸಂಘಟನೆಗಳ ಮೇಲೆ ನಿಷೇಧ ಬಂತು. ಆರೆಸ್ಸೆಸ್, ಜಮಾಅತೆ ಇಸ್ಲಾಮೀ, ಆನಂದ ಮಾರ್ಗ, ನಕ್ಸಲೀಯ ಗುಂಪುಗಳು ಎಲ್ಲ ಒಂದೇ ಪಟ್ಟಿಯಲ್ಲಿ. ಹೊರಗೆ ಪರಸ್ಪರ ಮುಖ ನೋಡದವರು ದೇಶದ ಜೈಲುಗಳಲ್ಲಿ ಒಂದೇ ಗೋಡೆಯೊಳಗೆ ದಿನ ಕಳೆದರು.

ನಮ್ಮ ಉರ್ದು ಮಾತಿನ ಮನೆಗಳಲ್ಲಿ ಆ ಕಾಲಕ್ಕೆ ಇರುವ ಹೆಸರು 'ನಸ್‌ಬಂದಿ'. ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ಸುದ್ದಿಗಳು, 1976ರ ಏಪ್ರಿಲ್‌ನಲ್ಲಿ ದಿಲ್ಲಿಯ ತುರ್ಕಮಾನ್ ಗೇಟಿನಲ್ಲಿ ಮನೆಗಳ ಮೇಲೆ ಹರಿದ ಬುಲ್ಡೋಜರು ಮತ್ತು ಗೋಲಿಬಾರು, ಇವೇ ಮನೆಮಾತು. ಆದರೆ ಅದೇ ಏಪ್ರಿಲ್ ತಿಂಗಳಿನಲ್ಲಿ ಇನ್ನೊಂದು ಘಟನೆ ನಡೆಯಿತು. ಅದರ ಸದ್ದು ಕಡಿಮೆ, ಪರಿಣಾಮ ದೊಡ್ಡದು.

'ಮೀಸಾ' ಎಂದು ಕುಖ್ಯಾತವಾದ ಆಂತರಿಕ ಭದ್ರತಾ ಕಾಯ್ದೆ 1971ರದು. ವಿಚಾರಣೆಯಿಲ್ಲದೆ ಬಂಧಿಸಿಡುವ ಅಧಿಕಾರವನ್ನು ಅದು ಸರಕಾರಕ್ಕೆ ಕೊಡುತ್ತಿತ್ತು. ತುರ್ತುಪರಿಸ್ಥಿತಿಯಲ್ಲಿ ಅದಕ್ಕೆ ತಿದ್ದುಪಡಿಗಳಾಗಿ, ಬಂಧನದ ಕಾರಣವನ್ನು ಬಂಧಿತನಿಗೆ ಹೇಳುವ ಅಗತ್ಯವೂ ಇಲ್ಲದಂತಾಯಿತು. ಹಲವು ಹೈಕೋರ್ಟುಗಳು, ಕನಿಷ್ಠ ಬಂಧನ ಕಾನೂನುಬದ್ಧವೇ ಎಂದಾದರೂ ನಾವು ನೋಡುತ್ತೇವೆ ಎಂದು ಹೇಳಿದವು. ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು: ತುರ್ತುಪರಿಸ್ಥಿತಿ ಇರುವವರೆಗೆ ಬಂಧಿತರು ಹೇಬಿಯಸ್ ಕಾರ್ಪಸ್ ಅರ್ಜಿಯೊಡನೆ ಯಾವ ಕೋರ್ಟಿಗೂ ಬರುವಂತಿಲ್ಲ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಒಬ್ಬ ಪೊಲೀಸ್ ಅಧಿಕಾರಿ ವೈಯಕ್ತಿಕ ದ್ವೇಷದಿಂದ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂದು ವಿಚಾರಣೆಯಲ್ಲಿ ಅವರು ಕೇಳಿದ್ದರು. ಈ ವಾದ ಒಪ್ಪುವುದಾದರೆ ಇಲ್ಲ ಎಂದೇ ಸರಕಾರದ ವಕೀಲರು ಉತ್ತರಿಸಿದ್ದರು.

ಸ್ನೇಹಲತಾರ ಬಂಧನವಾದದ್ದು ಮೇ 2ರಂದು. ಕೋರ್ಟಿನ ಬಾಗಿಲು ಮುಚ್ಚಿ ನಾಲ್ಕು ದಿನವಾಗಿತ್ತು.

ಪೊಲೀಸರಿಗೆ ಬೇಕಾಗಿದ್ದವರು ಜಾರ್ಜ್ ಫರ್ನಾಂಡಿಸ್. 1974ರ ರೈಲ್ವೆ ಮುಷ್ಕರದ ನಾಯಕ, ಸಮಾಜವಾದಿ, ಮಂಗಳೂರಿನ ಮಗ. ತುರ್ತುಪರಿಸ್ಥಿತಿ ಬಂದ ಕೂಡಲೆ ಭೂಗತರಾಗಿದ್ದರು. ರೈಲು ಸಂಪರ್ಕ ಕಡಿಯಲು ಸ್ಫೋಟಕ ಸಂಗ್ರಹಿಸಿದ ಆರೋಪ, ಅದೇ 'ಬರೋಡಾ ಡೈನಮೈಟ್ ಮೊಕದ್ದಮೆ', ಅವರ ಬೆನ್ನಿಗಿತ್ತು. ಆ ಮಾರ್ಗ ಸರಿಯೋ ತಪ್ಪೋ ಎಂಬ ಚರ್ಚೆ ಸಮಾಜವಾದಿಗಳ ನಡುವೆಯೇ ಇತ್ತು. ರೆಡ್ಡಿ ದಂಪತಿಗಳು ಜಾರ್ಜ್ ಅವರ ಹಳೆಯ ಸ್ನೇಹಿತರು, ಭೂಗತ ಹೋರಾಟದ ಪರವಾಗಿದ್ದವರು. ಮೇ 1ರಂದು ಜಾರ್ಜ್ ಅವರ ತಮ್ಮ ಲಾರೆನ್ಸ್‌ರನ್ನು ಬೆಂಗಳೂರಿನಲ್ಲಿ ಹಿಡಿದು, ಅಣ್ಣ ಎಲ್ಲಿ ಎಂದು ಕೇಳುತ್ತ ಪೊಲೀಸರು ಚಿತ್ರಹಿಂಸೆ ಕೊಟ್ಟರು. ಮರುದಿನ ಸ್ನೇಹಲತಾರ ಸರದಿ. ಮೊದಲು ಒಳಸಂಚಿನ ಕಲಮುಗಳು, ಆಮೇಲೆ ಮೀಸಾ.

ಇಲ್ಲಿ ಒಂದು ಸರಳ ಲೆಕ್ಕವಿದೆ. ಜಾರ್ಜ್ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದದ್ದು ಜೂನ್ 10ರಂದು, ಸ್ನೇಹಲತಾರ ಬಂಧನವಾಗಿ 39 ದಿನಕ್ಕೆ. ಯಾರ ಸುಳಿವಿಗಾಗಿ ಹಿಡಿದರೋ ಆತನೇ ಸಿಕ್ಕ ಮೇಲೆ ಈಕೆಯನ್ನು ಇಟ್ಟುಕೊಳ್ಳಲು ಕಾರಣವೇನು? ಸೆಪ್ಟೆಂಬರ್‌ನಲ್ಲಿ ಬರೋಡಾ ಮೊಕದ್ದಮೆಯ ಆರೋಪಪಟ್ಟಿ ಸಲ್ಲಿಕೆಯಾಯಿತು. ಅದರಲ್ಲಿ 25 ಮಂದಿಯ ಹೆಸರಿತ್ತು, ಸ್ನೇಹಲತಾರ ಹೆಸರಿರಲಿಲ್ಲ. ಆಗಲೂ ಬಿಡಲಿಲ್ಲ. ಆರೋಪವಿಲ್ಲದ ಮೇಲೆ ವಿಚಾರಣೆ ಇಲ್ಲ, ವಿಚಾರಣೆ ಇಲ್ಲದ ಮೇಲೆ ಖುಲಾಸೆಯೂ ಇಲ್ಲ. ಕೊಲೆ ಮಾಡಿದವನಿಗೆ ಸಿಗುವ ಜಾಮೀನಿನ ಅರ್ಜಿಯ ಹಕ್ಕೂ ಮೀಸಾ ಕೈದಿಗೆ ಇರಲಿಲ್ಲ.

ಆ ಎಂಟು ತಿಂಗಳು

ಸ್ನೇಹಲತಾರಿಗೆ ಮೊದಲಿನಿಂದಲೂ ಉಬ್ಬಸದ ಕಾಯಿಲೆ. ಅವರನ್ನಿಟ್ಟ ಕೋಣೆ ಒಬ್ಬರಿಗೆ ಸಾಲುವಷ್ಟೇ ದೊಡ್ಡದು. ಒಂದು ತುದಿಗೆ ಶೌಚಕ್ಕೆ ಒಂದು ಕುಣಿ, ಇನ್ನೊಂದು ತುದಿಗೆ ಕಬ್ಬಿಣದ ಸರಳು. ಮಲಗುವುದು ನೆಲದ ಮೇಲೆ. ಬೆಂಗಳೂರಿನ ಚಳಿ, ಮಳೆ ಉಬ್ಬಸದವರಿಗೆ ಎಂಥ ಶತ್ರುಗಳೆಂಬುದನ್ನು ಆ ರೋಗ ಕಂಡವರೇ ಬಲ್ಲರು. ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಎರಡು ಸಲ ಅವರು ಪ್ರಜ್ಞೆ ತಪ್ಪಿದರು. ಅದೇ ಜೈಲಿನಲ್ಲಿದ್ದ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಸ್ನೇಹಲತಾರ ಕೋಣೆಯಿಂದ ಬರುತ್ತಿದ್ದ ಕೂಗು ತಮಗೆ ಕೇಳಿಸುತ್ತಿತ್ತೆಂದು ಮುಂದೆ ಬರೆದುಕೊಂಡಿದ್ದಾರೆ.

ಇಷ್ಟರ ನಡುವೆ ಅವರು ಮಾಡಿದ ಕೆಲಸವನ್ನು ಗಮನಿಸಬೇಕು. ಗಂಡಸರ ವಿಭಾಗದ ರಾಜಕೀಯ ಕೈದಿಗಳಿಗೆ ಒಬ್ಬರಿಗೊಬ್ಬರು ಜೊತೆ ಇತ್ತು, ಪುಸ್ತಕ ಇತ್ತು, ಚರ್ಚೆ ಇತ್ತು. ಸ್ನೇಹಲತಾರ ಸುತ್ತ ಇದ್ದವರು ಬಡ ಹೆಣ್ಣುಮಕ್ಕಳು. ಕಳವು, ವೇಶ್ಯಾವೃತ್ತಿ, ಕೊಲೆ ಮುಂತಾದ ಕೇಸುಗಳಲ್ಲಿ ಬಂದವರು. ಅವರನ್ನು ಹೊಡೆಯುವುದು ಅಲ್ಲಿ ದಿನನಿತ್ಯದ ಪದ್ಧತಿಯಾಗಿತ್ತು. ಊಟ ಬಾಯಿಗೆ ಇಡುವಂತಿರಲಿಲ್ಲ. ಸ್ನೇಹಲತಾ ಜೈಲಿನ ಅಧಿಕಾರಿಗಳೊಡನೆ ಜಗಳಕ್ಕಿಳಿದರು, ಉಪವಾಸ ಕೂತರು. ಹೆಂಗಸರ ವಿಭಾಗದಲ್ಲಿ ಹೊಡೆತ ನಿಂತಿತು, ಊಟ ಸ್ವಲ್ಪ ಸುಧಾರಿಸಿತು. ತಾನು ಕಂಡದ್ದನ್ನೆಲ್ಲ ಅವರು ಟಿಪ್ಪಣಿ ಮಾಡಿಟ್ಟರು. ಅವರ ಸಾವಿನ ನಂತರ 1977ರಲ್ಲಿ ಅದು ಜೈಲಿನ ದಿನಚರಿಯಾಗಿ ಪ್ರಕಟವಾಯಿತು.

ತುರ್ತುಪರಿಸ್ಥಿತಿಯ ಜೈಲುವಾಸದ ಬಗ್ಗೆ ಬಂದ ಪುಸ್ತಕಗಳು ಬಹಳ. ಹೆಚ್ಚಿನವು ನಾಯಕರು ಬರೆದವು, ಅವುಗಳಲ್ಲಿ ಸಂವಿಧಾನ, ಪಕ್ಷ, ಮುಂದಿನ ಸರಕಾರದ ಮಾತು ಬರುತ್ತದೆ. ಪಕ್ಕದ ಕೋಣೆಯಲ್ಲಿ ಪೆಟ್ಟು ತಿನ್ನುತ್ತಿರುವ, ಹೆಸರಿಲ್ಲದ ಹೆಂಗಸು ಬರುವುದು ಸ್ನೇಹಲತಾರ ದಿನಚರಿಯಲ್ಲಿ. ರಾಜಕೀಯ ಕೈದಿ ಬೇರೆ, ಸಾಮಾನ್ಯ ಕೈದಿ ಬೇರೆ ಎಂಬ ಮೇಲುಕೀಳನ್ನು ಅವರು ಒಪ್ಪಲಿಲ್ಲ. ಚಂದ್ರಿಯ ಪಾತ್ರವನ್ನು ಅವರು ಅಭಿನಯಿಸಿದ್ದು ಒಂದು ಚಿತ್ರದಲ್ಲಿ. ದೊಡ್ಡವರು ವಾದ ಮಾಡುತ್ತಿರುವಾಗ ಕಣ್ಣೆದುರಿನ ಕೆಲಸಕ್ಕೆ ಕೈಹಾಕುವ ಆ ಗುಣ ಅವರಲ್ಲಿ ಮೊದಲಿನಿಂದ ಇದ್ದದ್ದೇ ಇರಬೇಕು.

1977ರ ಜನವರಿ 15ರಂದು, ದೇಹ ಪೂರ್ತಿ ಕುಸಿದ ಮೇಲೆ, ಪೆರೋಲಿನ ಮೇಲೆ ಬಿಟ್ಟರು. ಒಳಗೆ ಹೋಗಿ ಎಂಟು ತಿಂಗಳು ಹದಿಮೂರು ದಿನಗಳಾಗಿದ್ದವು. ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. ದೇಶದ ಜೈಲುಗಳಲ್ಲಿದ್ದ ನಾಯಕರು ಬಿಡುಗಡೆಯ ತಯಾರಿಯಲ್ಲಿದ್ದಾಗ, ಜನವರಿ 20ರಂದು, ಸ್ನೇಹಲತಾ ತೀರಿಕೊಂಡರು. ವಯಸ್ಸು 44. ಮರುದಿನಗಳಲ್ಲಿ ನ್ಯಾಯಮೂರ್ತಿ ಖನ್ನಾರ ಹಿರಿತನವನ್ನು ಬದಿಗಿಟ್ಟು, ಬಹುಮತದ ತೀರ್ಪಿನಲ್ಲಿದ್ದ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

ಅರಸು ಕಾಲದ ನೆರಳು

ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಬರಲಿಲ್ಲ, ಇಂದಿರಾ ಸ್ವತಃ ಸೋತರು. ಜಾರ್ಜ್ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಗೆದ್ದರು. ಕರ್ನಾಟಕದಲ್ಲಿ? 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ. ಕೈತಪ್ಪಿದವು ಹಾಸನ ಮತ್ತು ಬೆಂಗಳೂರು ದಕ್ಷಿಣ ಮಾತ್ರ. 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತಮ್ಮ ಹಿರಿತನ ಕಡೆಗಣಿಸಿದ್ದಕ್ಕೆ ರಾಜೀನಾಮೆ ಕೊಟ್ಟ ಕೆ.ಎಸ್. ಹೆಗ್ಡೆ ಬೆಂಗಳೂರು ದಕ್ಷಿಣದಿಂದ ಗೆದ್ದರು. ಮರುವರ್ಷ ಇಂದಿರಾರಿಗೆ ರಾಜಕೀಯ ಮರುಹುಟ್ಟು ಕೊಟ್ಟದ್ದೂ ನಮ್ಮ ಚಿಕ್ಕಮಗಳೂರೇ.

ಸ್ನೇಹಲತಾರ ಮರೆವಿನ ಬೇರು ಇಲ್ಲಿದೆ ಎಂದು ನನ್ನ ತಿಳುವಳಿಕೆ. ತುರ್ತುಪರಿಸ್ಥಿತಿಯ ಕರ್ನಾಟಕ ಎಂದರೆ ಜನಮನಸ್ಸಿನಲ್ಲಿ ದೇವರಾಜ ಅರಸರ ಕರ್ನಾಟಕ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿಯಿಂದ ಗೇಣಿದಾರ ಹೊಲದೊಡೆಯನಾದ ಕಾಲ. ಹಾವನೂರ್ ಆಯೋಗದ ವರದಿ ಬಂದ ಕಾಲ. ಸ್ನೇಹಲತಾ ಸತ್ತ ಮರುತಿಂಗಳೇ, 1977ರ ಫೆಬ್ರವರಿಯಲ್ಲಿ, ಹೊರಬಿದ್ದ ಮೀಸಲಾತಿ ಆದೇಶದಲ್ಲಿ ಅರಸು ಸರಕಾರ ಮುಸ್ಲಿಮರನ್ನೂ ಹಿಂದುಳಿದವರ ಪಟ್ಟಿಗೆ ಸೇರಿಸಿತು. ನಮ್ಮ ಸಮುದಾಯದ ಎಷ್ಟೋ ಮನೆಗಳ ಮೊದಲ ಸರಕಾರಿ ನೌಕರ ಆ ಬಾಗಿಲಿನಿಂದ ಒಳಗೆ ಬಂದವನು. ಇಳಕಲ್, ಹುನಗುಂದದ ಕಡೆ ಅರಸರ ಹೆಸರು ತೆಗೆದರೆ ಹಳಬರು ಗೌರವದಿಂದ ಮಾತಾಡುತ್ತಾರೆ. ಆ ಗೌರವ ನ್ಯಾಯವಾದದ್ದೇ.

ಹಾಗಾದರೆ ಅದೇ ಸರಕಾರದ ಜೈಲಿನಲ್ಲಿ ಉಬ್ಬಸದ ಹೆಣ್ಣುಮಗಳೊಬ್ಬಳು ಮದ್ದಿಲ್ಲದೆ ನರಳಿದ್ದನ್ನು ಏನು ಮಾಡುವುದು? ನಾವು ಮಾಡಿದ್ದು ಸುಲಭದ ದಾರಿ: ಒಂದನ್ನು ನೆನಪಿಟ್ಟೆವು, ಇನ್ನೊಂದನ್ನು ದಿಲ್ಲಿಯ ಲೆಕ್ಕಕ್ಕೆ ಬರೆದೆವು. ಆದರೆ ಜೈಲು ದಿಲ್ಲಿಯದಾಗಿರಲಿಲ್ಲ. ಅದರ ಬೀಗದಕೈ ಇದ್ದದ್ದು ಬೆಂಗಳೂರಿನಲ್ಲಿ. ಹೊಲ ಕೊಟ್ಟ ಕೈಯೇ ಬೀಗವನ್ನೂ ಹಾಕಿತ್ತು. ಒಳ್ಳೆಯದು ಮಾಡಿದ ಸರಕಾರದ ಬಳಿ ಮಿತಿಯಿಲ್ಲದ ಅಧಿಕಾರ ಇದ್ದರೂ ಪರವಾಗಿಲ್ಲ ಎಂದು ಭಾವಿಸುವವರಿಗೆ ಸ್ನೇಹಲತಾರ 258 ದಿನಗಳೇ ಉತ್ತರ. ಅರಸರ ಋಣ ನೆನೆಯುವ ನಾವು ಈ ಸಾಲವನ್ನೂ ಅದೇ ಪುಟದಲ್ಲಿ ಬರೆದಿಡಬೇಕು.

ಹೆಸರು ಯಾರ ಸೊತ್ತು?

ಕಾನೂನು ನಿಧಾನವಾಗಿಯಾದರೂ ತನ್ನ ತಪ್ಪು ತಿದ್ದಿಕೊಂಡಿತು. ಜನತಾ ಸರಕಾರದ ಕಾಲದಲ್ಲಿ ಮೀಸಾ ರದ್ದಾಯಿತು. 1978ರ 44ನೇ ತಿದ್ದುಪಡಿಯ ಪ್ರಕಾರ ತುರ್ತುಪರಿಸ್ಥಿತಿಯಲ್ಲೂ ಬದುಕುವ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ. 1976ರ ಆ ತೀರ್ಪು ಮಾತ್ರ ಬಹುಕಾಲ ಹಾಗೆಯೇ ಉಳಿದು, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಸ್ಪಷ್ಟವಾಗಿ ರದ್ದಾಯಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ತೀರ್ಪು ತಪ್ಪೆಂದು ಬರೆದವರಲ್ಲಿ ಒಬ್ಬರು, ಆ ತೀರ್ಪಿನಲ್ಲಿ ಭಾಗಿಯಾಗಿದ್ದ ವೈ.ವಿ. ಚಂದ್ರಚೂಡರ ಮಗ ಡಿ.ವೈ. ಚಂದ್ರಚೂಡ್.

ಕಾಯ್ದೆಗಳ ಹೆಸರು ಬದಲಾಯಿತು, ಚಾಳಿ ಬದಲಾಗಲಿಲ್ಲ. ಮೀಸಾ ಹೋಗಿ ಟಾಡಾ ಬಂತು, ಟಾಡಾ ಹೋಗಿ ಪೋಟಾ ಬಂತು, ಈಗ ಯುಎಪಿಎ ಇದೆ. ವರ್ಷಗಟ್ಟಲೆ ವಿಚಾರಣಾಧೀನ ಕೈದಿಗಳಾಗಿ ಕೊಳೆತು, ಕೊನೆಗೆ ನಿರ್ದೋಷಿ ಎನಿಸಿಕೊಂಡು ನರೆಗೂದಲಿನೊಡನೆ ಮನೆಗೆ ಬಂದ ತರುಣರ ಸಂಕಟ ಈ ಪುಟಗಳ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2021ರ ಜುಲೈ 5ರಂದು ಫಾದರ್ ಸ್ಟ್ಯಾನ್ ಸ್ವಾಮಿ ಜಾಮೀನಿನ ಅರ್ಜಿ ಕೋರ್ಟಿನಲ್ಲಿರುವಾಗಲೇ ಮುಂಬಯಿಯ ಆಸ್ಪತ್ರೆಯಲ್ಲಿ ಕೈದಿಯಾಗಿ ಸತ್ತರು. ವಯಸ್ಸು 84, ಪಾರ್ಕಿನ್ಸನ್ ಕಾಯಿಲೆ. ನೀರು ಕುಡಿಯುವ ನಳಿಕೆಗಾಗಿಯೂ ಅವರು ಕೋರ್ಟಿನ ಮೊರೆ ಹೋಗಬೇಕಾಗಿತ್ತು. ಸ್ನೇಹಲತಾ ಜೈಲಿನಲ್ಲಿದ್ದ ದಿನಗಳಲ್ಲಿ ಇದೇ ಸ್ಟ್ಯಾನ್ ಸ್ವಾಮಿ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಒಬ್ಬರು ಒಂದು ಪಕ್ಷದ ಸರಕಾರದ ಕೈದಿ, ಇನ್ನೊಬ್ಬರು ಅದರ ಬದ್ಧ ವಿರೋಧಿ ಪಕ್ಷದ ಸರಕಾರದ ಕೈದಿ. ಇಬ್ಬರ ಮೇಲಿನ ಆರೋಪವೂ ಯಾವ ಕೋರ್ಟಿನಲ್ಲಿಯೂ ಸಾಬೀತಾಗಲಿಲ್ಲ.

ಹೀಗಾಗಿ ಸ್ನೇಹಲತಾರ ಹೆಸರನ್ನು ಯಾವ ಪಕ್ಷವೂ ತನ್ನದೆಂದು ಹೇಳಿಕೊಳ್ಳುವ ಹಾಗಿಲ್ಲ. ಪ್ರತಿವರ್ಷ ಜೂನ್ 25 ಬಂದಾಗ ಕೆಲವರಿಗೆ ಅವರ ನೆನಪಾಗುತ್ತದೆ. ನೆನೆಯಲಿ, ಒಳ್ಳೆಯದೇ. ಆದರೆ ವಿಚಾರಣೆಯಿಲ್ಲದೆ ಇವತ್ತು ಒಳಗಿರುವವರ ಬಗ್ಗೆ ಬಾಯಿಬಿಡದವರು ಅವರ ಹೆಸರೆತ್ತಿದರೆ ಅದು ಬರೀ ಬಾಯುಪಚಾರ. ಹಾಗೆಯೇ ಇಂದಿನ ಕೈದಿಗಳ ಪರ ಮಾತಾಡುವವರು 1976ರ ಕೈದಿಯನ್ನು ಮುಜುಗರಕ್ಕೆ ಬಿಟ್ಟುಬಿಟ್ಟರೆ ಅದೂ ಅರ್ಧ ಸತ್ಯವೇ.

ಪಟ್ಟಾಭಿ ಮುಂದೆಯೂ ಚಿತ್ರಗಳನ್ನು ಮಾಡಿ 2006ರಲ್ಲಿ ತೀರಿಕೊಂಡರು. ಮಗಳು ನಂದನಾ ರೆಡ್ಡಿ ದುಡಿಯುವ ಮಕ್ಕಳ ಹಕ್ಕುಗಳಿಗಾಗಿ ಸಂಸ್ಥೆ ಕಟ್ಟಿದರು. ಮಗ ಕೊನಾರಕ್ ಗಿಟಾರ್ ವಾದಕರಾದರು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಆ ಹಳೆಯ ಸೆಂಟ್ರಲ್ ಜೈಲು 2008ರಲ್ಲಿ 'ಫ್ರೀಡಂ ಪಾರ್ಕ್' ಆಯಿತು. ಬೆಂಗಳೂರಿನಲ್ಲಿ ಧರಣಿ ಕೂರಲು ಪೊಲೀಸರು ತೋರಿಸುವ ಜಾಗ ಅದೇ. ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ರಾತ್ರಿ ರೈಲು ಹತ್ತಿ ಹೋಗಿ, ಗೌರವಧನ ಹೆಚ್ಚಿಸಿ ಎಂದು ಅಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾರೆ. ಅದೇ ಗೋಡೆಯೊಳಗೆ ಒಂದು ಕಾಲದಲ್ಲಿ ಒಬ್ಬ ನಟಿ, ಬೇರೆ ಹೆಂಗಸರಿಗೆ ಹೊಡೆಯಬೇಡಿ ಎಂದು ಉಸಿರು ಕಟ್ಟುತ್ತಿದ್ದರೂ ಜಗಳವಾಡಿದ್ದರು ಎಂಬುದು ಅವರಿಗೆ ತಿಳಿದಿರಬೇಕು. ನಮ್ಮ ಮಕ್ಕಳ ಶಾಲೆಯ ಪಾಠದಲ್ಲಿ ಸ್ನೇಹಲತಾರಿಗೆ ಒಂದು ಪುಟ ಸಿಗುವವರೆಗೆ, ಇಂಥ ಪತ್ರಿಕೆಗಳ ಪುಟದಲ್ಲಾದರೂ ಅವರು ಇರಲಿ.